ಪದ ಬೇಕು: ಕಟ್ಟಡದ ಒಳಗೆ ದಾರಿ ತೋರಿಸುವ ಪರದೆ

ನಾಲ್ಕು ಮಹಡಿಯ ಆಸ್ಪತ್ರೆಗೆ ಟಚ್‌ಸ್ಕ್ರೀನ್ ಪರದೆಗಳು ಬರುತ್ತಿವೆ. ವಿಭಾಗದ ಹೆಸರು ಒತ್ತಿದರೆ ನಕ್ಷೆಯಲ್ಲಿ ದಾರಿ ಕಾಣುತ್ತದೆ. ಮೇಲೆ ಹಾಕಲು ಹೆಸರು ಬೇಕು, ಶುಕ್ರವಾರ ಫೈಲ್ ಕೊಡಬೇಕು. ‘ಮಾರ್ಗಸೂಚಿ’ ಅಂದರೆ ಸರ್ಕಾರಿ ಸುತ್ತೋಲೆ, ‘ಮಾರ್ಗದರ್ಶಿ’ ಅಂದರೆ ಪರೀಕ್ಷೆಯ ಗೈಡು. ‘ದಿಕ್ಸೂಚಿ’ ಆದೀತೇ? ‘...ಗೆ ಹೋಗುವ ದಾರಿ’ ಎಂಬ ಸಾಲನ್ನೂ ನೋಡಿ.
– ವಿ.

ದಿಕ್ಸೂಚಿ ಉತ್ತರ ತೋರಿಸುವ ಮುಳ್ಳು. ಬೇಡ. ‘ಕೈಮರ’ ಇದೆಯಲ್ಲ! ರಸ್ತೆ ಕೂಡುವಲ್ಲಿ ನೆಟ್ಟ ಕಂಬ, ಊರಿನ ಕಡೆ ಚಾಚಿದ ಹಲಗೆಯೇ ಕೈ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗುವಾಗ ಆ ಹೆಸರಿನ ಜಾಗವೇ ಸಿಗುತ್ತದೆ. ಸಂಸ್ಕ್ರುತದ ಹಂಗೇಕೆ? ‘ಪರದೆ’ಯೂ ಪಾರಸಿಯದು, ‘ತೆರೆ’ ಅನ್ನಿ.
– ಕೆ.

ರೋಗಿಗೆ ಬೇಕಿರುವುದು ಎಕ್ಸ್‌ರೇ ಕೋಣೆ, ವ್ಯುತ್ಪತ್ತಿಯಲ್ಲ. ‘ದಾರಿ ಹುಡುಕಿ’ ಎಂದು ಹಾಕಿ, ಮುಗಿಯಿತು.

ನಿಜವಾದ ತೊಡಕು ಆ ‘ಗೆ’. ತಂತ್ರಾಂಶ ಅದನ್ನು ಎಲ್ಲ ಹೆಸರಿಗೂ ಕಣ್ಣುಮುಚ್ಚಿ ಅಂಟಿಸುತ್ತದೆ: ‘ಫಾರ್ಮಸಿಗೆ’ ಸರಿ, ‘ಪ್ರಯೋಗಾಲಯಗೆ’ ಅಧ್ವಾನ. ವಿಭಕ್ತಿಯೇ ಬೇಡ, ‘ದಾರಿ: ಪ್ರಯೋಗಾಲಯ’ ಎಂದಿಡಿ. ಸಾಲಿನ ಎತ್ತರ ಇಂಗ್ಲಿಷಿಗೆ ಅಳೆದದ್ದಾದರೆ ‘ಶಸ್ತ್ರಚಿಕಿತ್ಸೆ’ಯ ಒತ್ತುಗಳ ಬುಡ ಕತ್ತರಿಸಿಹೋಗುತ್ತದೆ. ‘ಮಾರ್ಗ’ದ ಅರ್ಕಾವತ್ತು ಬಿಡಿಯಾಗಿ ನಿಂತರೆ ಆ ಯಂತ್ರಕ್ಕೆ ಕನ್ನಡ ಜೋಡಿಸಲು ಬರುವುದಿಲ್ಲ ಎಂದರ್ಥ. ಪಿಡಿಎಫ್ ನೋಡಿ ಒಪ್ಪಬೇಡಿ, ಪರದೆಯ ಮೇಲೇ ನೋಡಿ. ‘ನೀವು ಇಲ್ಲಿದ್ದೀರಿ’ ಗುರುತು ಪ್ರತಿ ಪರದೆಗೂ ಬೇರೆ. ನೋಡುವವರ ಎದುರಿಗಿರುವುದೇ ನಕ್ಷೆಯ ಮೇಲ್ತುದಿಗೆ ಬರುವಂತೆ ನಕ್ಷೆಯನ್ನೂ ತಿರುಗಿಸಬೇಕು. ಒಂದೇ ಚಿತ್ರವನ್ನು ಎದುರುಬದುರು ಗೋಡೆಗೆ ಹಾಕಿದರೆ ಒಂದು ಕಡೆ ಎಡ ಬಲವಾಗುತ್ತದೆ.
– ಆರ್.

ಆರ್. ಸರ್, ಡಾಕ್ಟರು ಚೀಟಿಯಲ್ಲಿ ಬರೆಯುವುದು ‘ಲ್ಯಾಬ್’. ಪಟ್ಟಿಯಲ್ಲಿ ‘ಪ್ರ’ ಕೆಳಗೆ ಯಾರು ಹುಡುಕುತ್ತಾರೆ? ಎರಡೂ ಹೆಸರು ಸೇರಿಸಿ, ಯಾವುದನ್ನು ಒತ್ತಿದರೂ ಒಂದೇ ದಾರಿ ಬರಲಿ.
– ಎಂ.

ಹೀಗೇ ಬಿಟ್ಟುಕೊಡಿ. ನಾಳೆ ‘ಎಂಟ್ರಿ’, ‘ಎಕ್ಸಿಟ್’. ಒಳಗೆ, ಹೊರಗೆ ಅನ್ನಲು ನಾಚಿಕೆಯೇ?
– ಕೆ.

ಅವೆರಡಕ್ಕೆ ನನ್ನ ತಕರಾರಿಲ್ಲ. ‘ಆಸ್ಪತ್ರೆ’ಯೂ ಹೊರಗಿನಿಂದ ಬಂದ ಪದವೇ, ಅದಕ್ಕೆ ಏನು ಕೊಡುತ್ತೀರಿ, ಮೊದಲು ಹೇಳಿ.

ವಿ. ಅವರೇ, ಇನ್ನೊಂದು. ‘ಒಂದನೇ ಮಹಡಿ’ ಕೆಲವರಿಗೆ ನೆಲದ್ದು, ಕೆಲವರಿಗೆ ಅದರ ಮೇಲಿನದು. ಲಿಫ್ಟಿನ ಗುಂಡಿಯಲ್ಲಿ 0 ಇದ್ದರೆ ನಕ್ಷೆಯಲ್ಲೂ ‘0 – ನೆಲಮಹಡಿ’ ಎಂದೇ ಇರಲಿ.
– ಎಂ.