ಡಿಸಿ–ಎಸಿ ಎರಡರಾಗೂ ಓಡೋ ಜಪಾನಿನ 415 ಸರಣಿ: ಟೇಬಲ್ ಮ್ಯಾಲೆ ತೋರಿಸೋದು ಹೆಂಗ?

ಖಾನಾಪುರ_ಸ್ಪಾರ್ಕ್ (ಬೆಳಗಾವಿ)

ನಮಸ್ಕಾರ್ರಿ ಎಲ್ಲಾರಿಗೂ. ಡಿಪ್ಲೊಮಾ ಎಲೆಕ್ಟ್ರಿಕಲ್ ಕಡೇ ವರ್ಷದ ಪ್ರಾಜೆಕ್ಟಿಗೆ ಜಪಾನಿನ 415 ಸರಣಿಯ ಲೋಕಲ್ ಗಾಡಿ ಆರಿಸೀವಿ. 1500 ವೋಲ್ಟ್ ಡಿಸಿ ತಂತಿ ಕೆಳಗೂ, 20 ಕಿಲೋವೋಲ್ಟ್ ಎಸಿ ತಂತಿ ಕೆಳಗೂ ಓಡೋ ಗಾಡಿ ಅದು. ನಮ್ಮ ಕಡೆ ಎಲ್ಲಾ ಲೈನೂ 25 ಕಿಲೋವೋಲ್ಟ್ ಎಸಿ ಒಂದೇ ಇರೋದ್ರಿಂದ ಈ ವ್ಯವಸ್ಥೆ ಕಣ್ಣಿಂದ ನೋಡಾಕ ಸಿಗೂದಿಲ್ಲ. ಮೂರು ವಿಷಯ ತಿಳೀಬೇಕಾಗೇತ್ರಿ. ಒಂದೇ ದೇಶದಾಗ ಎರಡು ನಮೂನಿ ಕರೆಂಟ್ ಯಾಕ ಇಟ್ಟಾರ? ಅದೇ ಮೋಟರ್ ಎರಡಕ್ಕೂ ಹೆಂಗ ಹೊಂದತಾವ? ಡ್ರೈವರ್ ಸ್ವಿಚ್ ಬದಲಿಸೋದು ಮರೆತ್ರ ಏನಾಗತೈತಿ? ಇದನ್ನ ಟೇಬಲ್ ಮ್ಯಾಲೆ ಸಣ್ಣ ವೋಲ್ಟೇಜಿನಾಗ ತೋರಿಸೋ ದಾರಿ ಇದ್ರ ಅದನ್ನೂ ಹೇಳ್ರಿ.

ಗೋಳಗುಮ್ಮಟ_ಎಲೆಕ್ಟ್ರಿಕ್ (ವಿಜಯಪುರ)

ಮೊದಲನೇ ಪ್ರಶ್ನೆಗೆ ಉತ್ತರ ಅರ್ಧ ರೊಕ್ಕದ್ದು, ಅರ್ಧ ಭೂಕಾಂತದ್ದು (ಭೂಮಿಯ ಕಾಂತಶಕ್ತಿ).

ರೊಕ್ಕದ ಮಾತು ಬೇಗ ಮುಗೀತದ. 1500 ವೋಲ್ಟ್ ಡಿಸಿಯಲ್ಲಿ ಕರೆಂಟ್ ಭಾಳ ಹರೀತದ, ತಂತಿ ದಪ್ಪ ಬೇಕು, ಸಬ್‌ಸ್ಟೇಶನ್ ಹತ್ತಿರ ಹತ್ತಿರ ಬೇಕು. 20 ಕಿಲೋವೋಲ್ಟ್ ಎಸಿಯಲ್ಲಿ ಸಬ್‌ಸ್ಟೇಶನ್‌ಗಳನ್ನ ಎಷ್ಟೋ ದೂರ ದೂರ ಇಡಬಹುದು. ಅದಕ್ಕೇ ಟೋಕಿಯೊ, ಒಸಾಕಾ ಸುತ್ತಲಿನ ಹಳೇ ಲೈನುಗಳು ಡಿಸಿಯಲ್ಲೇ ಉಳಿದ್ವು. ಆಮೇಲೆ ವಿದ್ಯುದೀಕರಣ ಆದ ಕ್ಯೂಶೂ ದ್ವೀಪ ಮತ್ತು ಉತ್ತರದ ಲೈನುಗಳಿಗೆ ಎಸಿ ಬಂತು.

ನಿಮ್ಮ ಚಾರ್ಟಿನಾಗ ಮುಖ್ಯವಾಗಿ ಬರೀಬೇಕಾದದ್ದು ಟೋಕಿಯೊದಿಂದ ಈಶಾನ್ಯಕ್ಕ ಹೋಗೋ ಜೋಬಾನ್ ಲೈನ್. ಇಬಾರಾಕಿ ಪ್ರಾಂತದ ಇಶಿಯೊಕಾ ಊರಾಗ ಕಾಕಿಯೊಕಾ ಭೂಕಾಂತ ವೀಕ್ಷಣಾಲಯ ಅದ. ಡಿಸಿ ರೈಲಿನ ವಾಪಸ್ ಕರೆಂಟ್ ಹಳಿಯಿಂದ ಸೋರಿ ನೆಲಕ್ಕ ಇಳಿದ್ರ ಅಲ್ಲಿಯ ಅಳತೆ ಕೆಡತಾವ. ಎಸಿ ಸೋರಿದ್ರೂ ಅದರ ದಿಕ್ಕು ಸೆಕೆಂಡಿಗೆ ನೂರು ಸಲ ತಿರುಗೋದ್ರಿಂದ ಸರಾಸರಿ ಸೊನ್ನೆ ಆಗ್ತದ. ಹಿಂಗಾಗಿ ತೋರಿದೆ ಸ್ಟೇಶನ್ ತನಕ ಡಿಸಿ, ಅದರ ಮುಂದ ಎಸಿ; ತೋರಿದೆ ಮತ್ತು ಫುಜಿಶಿರೊ ನಡುವೆ ಕರೆಂಟಿಲ್ಲದ ತುಂಡು. ತೋರಿದೆಯಿಂದ ಕತ್ಸುತಾ ತನಕ ಎಸಿ ಸುರು ಆದದ್ದು 1961ರ ಜೂನ್‌ನಲ್ಲಿ. ಡಿಸಿ ಮಾತ್ರ ತಿಳಿಯೋ ಇ231 ಗಾಡಿ ಇಂದಿಗೂ ತೋರಿದೆಯಲ್ಲೇ ಹೊಳ್ಳತದ. 2005ರಲ್ಲಿ ಸುರು ಆದ ತ್ಸುಕುಬಾ ಎಕ್ಸ್‌ಪ್ರೆಸ್‌ಗೂ ಇದೇ ಕಾರಣಕ್ಕ ಮೊರಿಯಾ ದಾಟಿದ ಮ್ಯಾಲೆ ಎಸಿ. ಅದೇ ತೋರಿದೆಯಿಂದ ಹೊರಡೋ ಖಾಸಗಿ ಜೋಸೊ ಲೈನ್ ಅಂತೂ ಡೀಸೆಲ್ಲಿನಲ್ಲೇ ಉಳಿದದ. ಒಂದು ವೀಕ್ಷಣಾಲಯದ ಸಲುವಾಗಿ ಇಡೀ ಸೀಮೆಯ ರೈಲಿನ ಸ್ವರೂಪ ಬದಲಾದದ್ದು ನನಗ ಈ ವಿಷಯದ ಅತಿ ದೊಡ್ಡ ಸಂಗತಿ ಅನ್ನಿಸ್ತದ.

ಕ್ಯೂಶೂ ಕಡೆ ಕಾರಣ ಬೇರೆ. ಮುಖ್ಯ ದ್ವೀಪ ಹೊನ್ಶೂದಿಂದ ಕ್ಯೂಶೂಗೆ ಸಮುದ್ರದ ಕೆಳಗ ಹೋಗೋ ಕಾನ್ಮೊನ್ ಸುರಂಗ 1942ರಿಂದಲೇ ಡಿಸಿ. ಕ್ಯೂಶೂ ಎಸಿ ಆದಾಗ ಸುರಂಗ ದಾಟಿ ಬರೋ ಮೊಜಿ ಸ್ಟೇಶನ್ ಬಾಯಲ್ಲೇ ಗಡಿ ಬಿತ್ತು. 415 ಗಾಡಿಗೆ ಅಲ್ಲಿ ಇಷ್ಟು ವರ್ಷ ಕೆಲಸ ಸಿಕ್ಕದ್ದು ಆ ಒಂದೇ ದಾಟಿನಿಂದ.

ಗಾಡಿ ಬದಲು ತಂತಿಯ ಕರೆಂಟನ್ನೇ ಬದಲಿಸೋ ಪದ್ಧತಿನೂ ಇತ್ತು. ಕುರೊಇಸೊ ಸ್ಟೇಶನ್ನಿನಾಗ ಗಾಡಿ ನಿಂತ ಮ್ಯಾಲೆ ತಂತಿಗೆ ಡಿಸಿ ತೆಗೆದು ಎಸಿ ಕೊಡತಿದ್ರು. ಈ ಪದ್ಧತಿಗೆ ಗಾಡಿ ನಿಲ್ಲಲೇಬೇಕು, ಒಂದೇ ಯಾರ್ಡಿನಾಗ ಎರಡು ವೋಲ್ಟೇಜ್ ಸಂಭಾಳಿಸಬೇಕು. 2018ರಲ್ಲಿ ಆ ಸ್ಟೇಶನ್ ಪೂರಾ ಡಿಸಿ ಮಾಡಿ, ಗಡಿಯನ್ನ ಸ್ಟೇಶನ್ ಹೊರಗ ತಳ್ಳಿದ್ರು.

ಘಟಪ್ರಭಾ_ಪ್ಯಾಂಟೊ (ಬಾಗಲಕೋಟೆ)

ಎರಡನೇ ಮತ್ತು ಮೂರನೇ ಪ್ರಶ್ನೆ ನಾನು ಹಿಡೀತೀನಿ.

415ರ ಮೂಲ ಉಪಾಯ ಸರಳ: ಇದು ಡಿಸಿ ಗಾಡಿ, ಮ್ಯಾಲೆ ಒಂದು ಟ್ರಾನ್ಸ್‌ಫಾರ್ಮರ್ ಮತ್ತು ಸಿಲಿಕಾನ್ ರೆಕ್ಟಿಫಾಯರ್ ಹೊತ್ತಿದೆ. ಡಿಸಿ ತಂತಿ ಕೆಳಗೆ ಪ್ಯಾಂಟೊದಿಂದ (ಛಾವಣಿ ಮೇಲಿಂದ ತಂತಿಗೆ ತಾಗುವ ಚೌಕಟ್ಟು) ಬಂದ 1500 ವೋಲ್ಟ್ ನೇರವಾಗಿ ಕಂಟ್ರೋಲರಿಗೆ. ಎಸಿ ತಂತಿ ಕೆಳಗೆ 20 ಕಿಲೋವೋಲ್ಟನ್ನ ಇಳಿಸಿ, ಡಿಸಿ ಮಾಡಿ, ರಿಯಾಕ್ಟರ್ (ಕರೆಂಟಿನ ಏರಿಳಿತ ತಗ್ಗಿಸುವ ಸುರುಳಿ) ದಾಟಿಸಿ ಅದೇ ಕಂಟ್ರೋಲರಿಗೆ. ಅಲ್ಲಿಂದ ಮುಂದೆ ಎರಡೂ ಒಂದೇ: ರೆಸಿಸ್ಟೆನ್ಸ್ ಕಂಟ್ರೋಲ್, ಸೀರೀಸ್–ಪ್ಯಾರಲೆಲ್ ಜೋಡಣೆ, ಎಂಟಿ54 ಸೀರೀಸ್ ಮೋಟರ್, ತಲಾ 120 ಕಿಲೋವ್ಯಾಟ್. ಆ ಮೋಟರಿನ ರೇಟಿಂಗ್ 375 ವೋಲ್ಟ್. ನಾಲ್ಕು ಸೀರೀಸ್ ಇಟ್ಟರೆ ಲೆಕ್ಕ 1500ಕ್ಕೆ ಕೂಡುತ್ತದೆ. ನಾಲ್ಕು ಬೋಗಿಯ ಸೆಟ್‌ನಲ್ಲಿ ನಡುವಿನ ಎರಡು ಮೋಟರ್ ಬೋಗಿ ಜೋಡಿ: ಮೋಹಾ 414ರಲ್ಲಿ ಪ್ಯಾಂಟೊ, ಟ್ರಾನ್ಸ್‌ಫಾರ್ಮರ್, ರೆಕ್ಟಿಫಾಯರ್, ಮೋಹಾ 415ರಲ್ಲಿ ಕಂಟ್ರೋಲರ್. ಒಂದನ್ನು ಬಿಟ್ಟು ಇನ್ನೊಂದು ಓಡುವುದಿಲ್ಲ.

ಫ್ರೀಕ್ವೆನ್ಸಿ ವಿಷಯ ಬಿಡಬೇಡಿ. ಪೂರ್ವ ಜಪಾನ್ 50 ಹರ್ಟ್ಸ್, ಪಶ್ಚಿಮ 60. ಮೊದಲಿನ 401 ಸರಣಿ 50ಕ್ಕೆ, 421 ಸರಣಿ 60ಕ್ಕೆ ಮಾತ್ರ. 415 ಎರಡಕ್ಕೂ ಆಗುತ್ತದೆ. 60ಕ್ಕೆ ಲೆಕ್ಕ ಹಾಕಿದ ಕೋರಿಗೆ ಅದೇ ವೋಲ್ಟೇಜನ್ನು 50ರಲ್ಲಿ ಕೊಟ್ಟರೆ ಫ್ಲಕ್ಸ್ 20% ಏರಿ ಕೋರ್ ಸ್ಯಾಚುರೇಟ್ ಆಗುತ್ತದೆ. ಅದಕ್ಕೇ ಎರಡಕ್ಕೂ ಬೇಕಾದ ಕೋರನ್ನು 50ಕ್ಕೇ ಲೆಕ್ಕ ಹಾಕಬೇಕು.

ಗಡಿ ದಾಟುವ ಕ್ರಮ: ಮೊದಲು ನಾಚ್ ಆಫ್, ಅಂದರೆ ಮೋಟರಿಗೆ ಕರೆಂಟ್ ಕೊಡುವುದನ್ನು ನಿಲ್ಲಿಸುವುದು. ಕರೆಂಟ್ ಎಳೆಯುತ್ತಲೇ ಪ್ಯಾಂಟೊ ಡಿಸಿ ತಂತಿಯಿಂದ ಹೊರಬಂದರೆ ಆರ್ಕ್ ಬಿಡುವುದಿಲ್ಲ; ಡಿಸಿಗೆ ಸೊನ್ನೆ ದಾಟುವ ಘಳಿಗೆಯೇ ಇಲ್ಲ. ಆಮೇಲೆ ಬೋರ್ಡ್ ಕಂಡಾಗ ಡ್ರೈವರ್ ಎಸಿ–ಡಿಸಿ ಸ್ವಿಚ್ ತಿರುಗಿಸುತ್ತಾನೆ. ಬ್ರೇಕರ್ ಬಿಚ್ಚುತ್ತದೆ, ಛಾವಣಿ ಮೇಲಿನ ಚೇಂಜ್‌ಓವರ್ ಸ್ವಿಚ್ ಕರೆಂಟಿಲ್ಲದ ಹೊತ್ತಿನಲ್ಲಿ ತಿರುಗುತ್ತದೆ, ಹೊಸ ವೋಲ್ಟೇಜ್ ಬಂದದ್ದನ್ನು ರಿಲೇ ಖಾತ್ರಿ ಮಾಡಿದ ಮೇಲೆ ಬ್ರೇಕರ್ ಮತ್ತೆ ಕೂಡುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ ಗಾಡಿ. ಕ್ರಮ ತಪ್ಪಿದರೆ ಸರಿಪಡಿಸಲು ಸಮಯ ಉಳಿಯುವುದಿಲ್ಲ.

ನಮ್ಮ ಲೈನಿನ ನ್ಯೂಟ್ರಲ್ ಸೆಕ್ಷನ್ನಿಗೆ (ಕರೆಂಟಿಲ್ಲದ ತುಂಡು) ಹೋಲಿಸಿ ತೋರಿಸಿದರೆ ಪರೀಕ್ಷಕರಿಗೆ ಬೇಗ ತಿಳಿಯುತ್ತದೆ: 500 ಮೀಟರ್, 250 ಮೀಟರ್ ಬೋರ್ಡ್, ಆಮೇಲೆ ಡಿಜೆ (ಇಂಜಿನ್ನಿನ ಮುಖ್ಯ ಬ್ರೇಕರ್) ಓಪನ್, ದಾಟಿ ಡಿಜೆ ಕ್ಲೋಸ್. ಆದರೆ ನಮ್ಮ ಲೈನಿನಲ್ಲಿ ಬದಲಾಗುವುದು ಫೇಸ್ ಮಾತ್ರ. ಎರಡು ವೋಲ್ಟೇಜಿನ ಭಾರತದ ಉದಾಹರಣೆ ಬೇಕಾದರೆ ಮುಂಬೈ ಸುತ್ತ ಓಡಿದ ಡಬ್ಲ್ಯುಸಿಎಎಂ ಇಂಜಿನ್‌ಗಳನ್ನು ಹೇಳಿ.

ಮರೆತರೆ ಏನು? ಎಸಿ ಸ್ಥಾನದಲ್ಲೇ ಡಿಸಿ ತಂತಿಗೆ ಬಂದರೆ ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ ಡಿಸಿ ಸಿಗುತ್ತದೆ. ರಿಯಾಕ್ಟೆನ್ಸ್ (ಎಸಿಗೆ ಸುರುಳಿ ಒಡ್ಡುವ ತಡೆ) ಸೊನ್ನೆ, ತಡೆಯುವುದು ಬರೀ ತಂತಿಯ ಓಮ್, ಫ್ಯೂಸ್ ಹೋಗುತ್ತದೆ. ಡಿಸಿ ಸ್ಥಾನದಲ್ಲೇ ಎಸಿಗೆ ಬಂದರೆ 1500ಕ್ಕೆ ಮಾಡಿದ ಸರ್ಕ್ಯೂಟಿಗೆ 20 ಸಾವಿರ ವೋಲ್ಟ್. ಅರೆಸ್ಟರ್ (ಅತಿ ವೋಲ್ಟೇಜಿನಿಂದ ಕಾಯುವ ಸಾಧನ) ಅದನ್ನು ನೆಲಕ್ಕೆ ಇಳಿಸಿ ಸಬ್‌ಸ್ಟೇಶನ್ ಬ್ರೇಕರ್ ಬೀಳುವಂತೆ ಮಾಡುತ್ತದೆ. ಗಡಿಯ ಸತ್ತ ತುಂಡಿನಲ್ಲಿ ವೋಲ್ಟೇಜ್ ಸೊನ್ನೆ ಆದದ್ದನ್ನು ಕಂಡು ಬ್ರೇಕರ್ ತಾನೇ ಬಿಚ್ಚಿಕೊಳ್ಳುವ ರಕ್ಷಣೆ ಇವೆರಡಕ್ಕಿಂತ ಮೊದಲಿನದು.

ಕ್ಯಾಂಪ್_ಸೋಲ್ಡರ್ (ಬೆಳಗಾವಿ)

ಟೇಬಲ್ ಮಾಡೆಲ್ ಹಿಂಗ ಮಾಡ್ರಿ. 9-0-9 ವೋಲ್ಟ್, 1 ಆಂಪಿಯರ್ ಟ್ರಾನ್ಸ್‌ಫಾರ್ಮರ್ ಎರಡು, 12 ವೋಲ್ಟ್ 7 ಎಎಚ್ ಬ್ಯಾಟರಿ, 2ಡಬ್ಲ್ಯು10 ಬ್ರಿಜ್ (ಎಸಿಯನ್ನ ಡಿಸಿ ಮಾಡೋ ನಾಕು ಡಯೋಡಿನ ಜೋಡಣೆ) ಒಂದು, 1000 ಮೈಕ್ರೊಫ್ಯಾರಡ್ 25 ವೋಲ್ಟ್ ಕೆಪಾಸಿಟರ್, 300 ಮಿಲಿಆಂಪಿಯರ್ ಒಳಗಿನ 12 ವೋಲ್ಟ್ ಡಿಸಿ ಮೋಟರ್, ಮೂರು ಸ್ಥಾನದ ರೋಟರಿ ಸ್ವಿಚ್, ಡಿಪಿಡಿಟಿ ಟಾಗಲ್ (ಎರಡು ತಂತಿ ಒಟ್ಟಿಗೇ ಬದಲಿಸೋ ಸ್ವಿಚ್), ಒಂದು ಸಾದಾ ಸ್ವಿಚ್, ಫ್ಯೂಸ್ ಹೋಲ್ಡರ್.

ಮೊದಲನೇ ಟ್ರಾನ್ಸ್‌ಫಾರ್ಮರ್ ಸಬ್‌ಸ್ಟೇಶನ್: 230ಕ್ಕ ಹಚ್ಚಿ ಎರಡೂ ತುದಿಯಿಂದ 18 ವೋಲ್ಟ್ ಎಸಿ ತಗೋರಿ. ಅದರ ಒಂದು ತುದಿ ಮತ್ತ ಬ್ಯಾಟರಿ ಮೈನಸ್ ಸೇರಿಸಿದ್ರ ಅದು ಹಳಿ. ರೋಟರಿಯ 1ನೇ ಸ್ಥಾನ ಬ್ಯಾಟರಿ ಪ್ಲಸ್, 2 ಖಾಲಿ, 3 ಎಸಿ. ರೋಟರಿಯ ಕಾಮನ್ ಅಂದ್ರ ಪ್ಯಾಂಟೊ. ಅಲ್ಲಿಂದ ಫ್ಯೂಸ್, ಆಮ್ಯಾಗ ಬ್ರೇಕರ್ ಅನ್ನೋ ಸಾದಾ ಸ್ವಿಚ್, ಆಮ್ಯಾಗ ಟಾಗಲ್.

ಎರಡನೇ ಟ್ರಾನ್ಸ್‌ಫಾರ್ಮರ್ ಗಾಡಿಯೊಳಗಿಂದು. 18 ವೋಲ್ಟ್ ಅದರ ಎರಡೂ ತುದಿಗೆ ಬರತೈತಿ. ನಡುವಿನ ತಂತಿ ಮತ್ತ ಹಳಿ ಕಡೆ ತುದಿಯಿಂದ 9 ವೋಲ್ಟ್ ಬ್ರಿಜ್ಜಿಗೆ. 9 ಗುಣಿಲೆ 1.414, ಅದರಾಗ ಡಯೋಡಿನ 1.4 ಕಳೀರಿ: 11.3 ವೋಲ್ಟ್, ಬ್ಯಾಟರಿಗೆ ಹತ್ತಿರ. ಲೋಡ್ ಇಲ್ಲದಾಗ ಇನ್ನೂ ಏರತೈತಿ, ಅದಕ್ಕ 25 ವೋಲ್ಟಿನ ಕೆಪಾಸಿಟರ್. ಮೋಟರ್ ಬ್ರಿಜ್ಜಿನ ಪ್ಲಸ್–ಮೈನಸ್‌ಗೆ ಕಾಯಂ ಇರಲಿ. ಟಾಗಲ್ ಡಿಸಿ ಕಡೆ ಇದ್ದಾಗ ಪ್ಯಾಂಟೊ ಮತ್ತ ಹಳಿ ನೇರ ಮೋಟರಿಗೆ, ಎಸಿ ಕಡೆ ಇದ್ದಾಗ ಎರಡೂ ಟ್ರಾನ್ಸ್‌ಫಾರ್ಮರಿಗೆ. ಹಳಿ ಕಡೆ ತಂತಿ ಬದಲಿಸದ ಹಂಗೇ ಬಿಟ್ರ ಬ್ರಿಜ್ಜಿನ ಒಂದು ಡಯೋಡ್ ಅರ್ಧ ಸೈಕಲ್ ಪೂರ್ತಿ ಶಾರ್ಟ್ ಆಗತೈತಿ. ಎರಡೂ ಪೋಲ್ ಬೇಕೇ ಬೇಕು.

ಇದನ್ನ ಲಕ್ಷ್ಯ ಕೊಟ್ಟು ಓದ್ರಿ: ಎರಡನೇ ಟ್ರಾನ್ಸ್‌ಫಾರ್ಮರಿನ 230 ವೋಲ್ಟ್ ಕಡೆ ತಂತಿ ಖಾಲಿ ಇದ್ರೂ ಅಲ್ಲಿ ಸುಮಾರು 230 ವೋಲ್ಟ್ ಹುಟ್ಟತೈತಿ. ಎರಡೂ ತಂತಿಗೆ ಬ್ಯಾರೆ ಬ್ಯಾರೆ ಹೀಟ್ ಶ್ರಿಂಕ್ ಹಾಕಿ, ಡಬ್ಬಿಯೊಳಗ ಮುಚ್ಚಿ ಸ್ಕ್ರೂ ಹೊಡೀರಿ. ಒಂದಕ್ಕೊಂದು ಸೇರಿಸಬ್ಯಾಡ್ರಿ, ಶಾರ್ಟ್ ಆಗತೈತಿ.

ಫ್ಯೂಸ್ 500 ಮಿಲಿಆಂಪಿಯರ್, ಸ್ಲೋ ಬ್ಲೋ. ಫಾಸ್ಟ್ ಹಾಕಿದ್ರ ಎಸಿ ಕೊಟ್ಟ ಕೂಡ್ಲೆ ಟ್ರಾನ್ಸ್‌ಫಾರ್ಮರಿನ ಇನ್‌ರಶ್ಶಿಗೇ (ಸುರುವಿನ ಕ್ಷಣದ ಭಾರಿ ಕರೆಂಟ್) ಹೋಗಬಹುದು.

ಖಾನಾಪುರ_ಸ್ಪಾರ್ಕ್

ಭಾಳ ಉಪಕಾರ ಆತ್ರಿ. ಬ್ಯಾಟರಿ ಬದಲು 12 ವೋಲ್ಟ್ 2 ಆಂಪಿಯರ್ ಎಸ್‌ಎಂಪಿಎಸ್ (ಪ್ಲಗ್ಗಿಗೆ ಹಚ್ಚೋ ಡಿಸಿ ಸಪ್ಲೈ) ನಡೀತೈತೇನ್ರಿ? ಮತ್ತ ಗಡಿಯಾಗ ಬೋಗಿ ಲೈಟ್ ಆರೋದೂ ತೋರಿಸಬೇಕಾಗೇತಿ.

ಕ್ಯಾಂಪ್_ಸೋಲ್ಡರ್

ಓಡಿಸಾಕ ನಡೀತೈತಿ, ತಪ್ಪು ತೋರಿಸಾಕ ನಡೆಯೂದಿಲ್ಲ. ಟಾಗಲ್ ಎಸಿಯಾಗ ಇಟ್ಟು ಡಿಸಿ ಕೊಟ್ಟಾಗ ಎಸ್‌ಎಂಪಿಎಸ್ ತನ್ನನ್ನ ತಾನು ಕಾಯ್ಕೊಂಡು ಆಫ್ ಆಗಿ ಮತ್ತ ಆನ್ ಆಗಿ ಮಿಣುಕತೈತಿ, ಫ್ಯೂಸ್ ಹೋಗದೇ ಉಳೀಬಹುದು. ಬ್ಯಾಟರಿ ಹಂಗಲ್ಲ. ಮೊದಲು ವೈಂಡಿಂಗಿನ ಓಮ್ ಮಲ್ಟಿಮೀಟರ್‌ನಿಂದ ಅಳೀರಿ. 2 ಓಮ್ ಇದ್ರ 12 ಭಾಗಿಸು 2, ಅಂದ್ರ 6 ಆಂಪಿಯರ್. ಈ ಲೆಕ್ಕ ಚಾರ್ಟಿನ ಮ್ಯಾಲೆ ಬರೀರಿ. ಉಲ್ಟಾ ತಪ್ಪಿನಾಗೂ, ಅಂದ್ರ ಡಿಸಿ ಸ್ಥಾನಕ್ಕ ಎಸಿ ಬಂದಾಗ, ಬ್ರಿಜ್ಜಿನ ಡಯೋಡ್ ಅರ್ಧ ಸೈಕಲ್ ಶಾರ್ಟ್ ಆಗಿ ಫ್ಯೂಸೇ ಹೋಗತೈತಿ.

ಲೈಟಿಗೆ ಕೆಪಾಸಿಟರಿನ ಎರಡೂ ಕಾಲಿಗೆ ಎಲ್‌ಇಡಿ ಮತ್ತ 1 ಕಿಲೋಓಮ್. ಮೋಟರ್ ತಿರುಗತಾ ಇದ್ದಾಗ ತಾನೇ ಜನರೇಟರ್ ಆಗಿ ಎಲ್‌ಇಡಿ ಆರದಂಗ ಹಿಡೀತೈತಿ, ಅದಕ್ಕ ಮೋಟರಿನ ಪ್ಲಸ್ಸಿಗೆ 1ಎನ್4007 ಡಯೋಡ್ ಸೀರೀಸ್ ಹಾಕ್ರಿ.

ಗೋಳಗುಮ್ಮಟ_ಎಲೆಕ್ಟ್ರಿಕ್

ಲೈಟ್ ಆರೋದು ಹಳೇ 401, 415 ಪೀಳಿಗೆಗೆ ಸರಿ. 1995ರ ಇ501, 2005ರ ಇ531ರಲ್ಲಿ ಗಡಿ ದಾಟುವಾಗ ಬೋಗಿಯ ದೀಪ ಆರೂದಿಲ್ಲ ಅಂತ ಪಕ್ಕಕ್ಕ ಬರೀರಿ. ಇ501 ಬಂದ ಮ್ಯಾಲೆ ಉಪಾಯವೇ ಬದಲಾತು: ಎಸಿಯನ್ನ ಕನ್ವರ್ಟರ್ ಡಿಸಿ ಮಾಡ್ತದ, ಅದನ್ನ ಇನ್ವರ್ಟರ್ ಮೂರು ಫೇಸ್ ಎಸಿ ಮಾಡಿ ಇಂಡಕ್ಷನ್ ಮೋಟರಿಗೆ ಕೊಡ್ತದ, ಬ್ರೇಕ್ ಹಾಕಿದಾಗ ಕರೆಂಟ್ ತಂತಿಗೆ ವಾಪಸ್ ಹೋಗ್ತದ. 415ರಾಗ ಸುರು ಮಾಡೋವಾಗೆಲ್ಲಾ ಶಕ್ತಿಯ ಒಂದು ಪಾಲು ರೆಸಿಸ್ಟೆನ್ಸಿನಾಗ ಸುಟ್ಟು ಹೋಗ್ತದ. ಪರೀಕ್ಷಕರು ‘ಇದರ ಕೊರತೆ ಏನು’ ಅಂತ ಕೇಳೇ ಕೇಳ್ತಾರ. ಅದಕ್ಕ ಇದೂ, ಎರಡು ಸಾಮಾನಿನ ತೂಕ ಹೊರೋದೂ ಉತ್ತರ.

ಕ್ಯಾಂಪ್_ಸೋಲ್ಡರ್

500 ಮಿಲಿ ಸ್ಲೋ ಬ್ಲೋ ಫ್ಯೂಸ್ ಹತ್ತು ತಂದಿಡ್ರಿ, ಒಂದೊಂದು ತಪ್ಪು ತೋರಿಸಿದಾಗ ಒಂದೊಂದು ಹೋಗತೈತಿ. ಬದಲಿಸೋ ಮುಂದ ರೋಟರಿ 2ನೇ ಸ್ಥಾನದಾಗ ಇರಲಿ, 230ರ ಪ್ಲಗ್ಗೂ ತೆಗೀರಿ.