ವಂಚಕರ ಭಾವನಾತ್ಮಕ ಒತ್ತಡವನ್ನು ಗುರುತಿಸಲು ಸಿಬ್ಬಂದಿಗೆ ಕಲಿಸುವುದು ಹೇಗೆ?

ಪ್ರಶ್ನೆ (ಸೊಸೈಟಿ ಕಾರ್ಯದರ್ಶಿ):

ತಾಲ್ಲೂಕು ಕೇಂದ್ರವೊಂದರ ಪತ್ತಿನ ಸಹಕಾರ ಸಂಘದಲ್ಲಿ ನಾನು ಕಾರ್ಯದರ್ಶಿ. ಇತ್ತೀಚೆಗೆ ನಮ್ಮ ಅಧ್ಯಕ್ಷರ ಭಾವಚಿತ್ರವಿದ್ದ ಅಪರಿಚಿತ ವಾಟ್ಸ್‌ಆ್ಯಪ್ ಸಂಖ್ಯೆಯಿಂದ ನಮ್ಮ ಲೆಕ್ಕಿಗರಿಗೆ ಒಂದು ಸಂದೇಶ ಬಂತು: "ಸಭೆಯಲ್ಲಿದ್ದೇನೆ, ಕರೆ ಮಾಡಬೇಡಿ. ಆಸ್ಪತ್ರೆಯ ತುರ್ತು. ಈ ಖಾತೆಗೆ ಈಗಲೇ ಆರ್‌ಟಿಜಿಎಸ್ ಮಾಡಿ, ಯಾರಿಗೂ ಹೇಳುವುದು ಬೇಡ." ಎರಡನೆಯ ಸಹಿ ಹಾಕಬೇಕಾದವರು ಊಟಕ್ಕೆ ಹೋಗಿದ್ದರಿಂದಷ್ಟೇ ಹಣ ಉಳಿಯಿತು. ವಿಚಾರಿಸಿದಾಗ ಲೆಕ್ಕಿಗರು, ಸಂಖ್ಯೆ ಹೊಸದೆಂಬುದು ತಮ್ಮ ಗಮನಕ್ಕೆ ಬಂದಿತ್ತೆಂದೂ, ಅಂಥ ಹೊತ್ತಿನಲ್ಲಿ ಅಧ್ಯಕ್ಷರನ್ನೇ ಪ್ರಶ್ನಿಸಲು ಮನಸ್ಸಾಗಲಿಲ್ಲವೆಂದೂ ಹೇಳಿದರು. ಪಾಸ್‌ವರ್ಡ್, ಓಟಿಪಿ, ಲಿಂಕ್‌ಗಳ ಬಗ್ಗೆ ತರಬೇತಿ ಅವರಿಗೆ ಆಗಲೇ ಆಗಿದೆ. ಮನಸ್ಸಿನ ಮೇಲೆ ಬೀಳುವ ಈ ಒತ್ತಡವನ್ನು ಗುರುತಿಸಲು ಕಲಿಸುವುದು ಹೇಗೆ? ಪರೀಕ್ಷೆಗೆಂದು ಎಲ್ಲರಿಗೂ ನಕಲಿ ಬೋನಸ್ ಸಂದೇಶ ಕಳುಹಿಸೋಣವೆಂದು ನಿರ್ದೇಶಕರೊಬ್ಬರು ಸೂಚಿಸಿದ್ದಾರೆ, ಅದು ಸೂಕ್ತವೇ?

ಉತ್ತರ 1 (ಮಾಹಿತಿ ಭದ್ರತಾ ವಿಭಾಗದ ಉದ್ಯೋಗಿ):

ನಿಮ್ಮ ಲೆಕ್ಕಿಗರ ಮಾತಿನಲ್ಲೇ ತರಬೇತಿಯ ಪಠ್ಯವಿದೆ. ಅವರಿಗೆ ಅನುಮಾನ ಬಂದಿತ್ತು. ಬಂದ ಅನುಮಾನವನ್ನು ಏನು ಮಾಡಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. 2024ರ ಆರಂಭದಲ್ಲಿ ಅರೂಪ್ ಎಂಬ ಬ್ರಿಟಿಷ್ ಎಂಜಿನಿಯರಿಂಗ್ ಸಂಸ್ಥೆಯ ಹಾಂಗ್‌ಕಾಂಗ್ ಕಚೇರಿಯಲ್ಲಿ ನಡೆದದ್ದೂ ಇದೇ. ಹಣಕಾಸು ಮುಖ್ಯಸ್ಥರ ಹೆಸರಿನಲ್ಲಿ ಗುಟ್ಟಿನ ವರ್ಗಾವಣೆಯ ಸಂದೇಶ ಬಂದಾಗ ಅಲ್ಲಿನ ಉದ್ಯೋಗಿ ಮೊದಲು ಶಂಕಿಸಿದ್ದರು. ಬಳಿಕ ವಿಡಿಯೋ ಕರೆಯಲ್ಲಿ ಪರಿಚಿತ ಸಹೋದ್ಯೋಗಿಗಳ ಮುಖಗಳು ಕಂಡವು, ಶಂಕೆ ಕರಗಿತು, 15 ಕಂತುಗಳಲ್ಲಿ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಹೊರಟುಹೋಯಿತು. ಆ ಮುಖಗಳೆಲ್ಲ ಡೀಪ್‌ಫೇಕ್, ಅಂದರೆ ಕಂಪ್ಯೂಟರ್‌ನಿಂದ ಸೃಷ್ಟಿಸಿದ ನಕಲಿ ಮುಖಗಳಾಗಿದ್ದವು.

ಆದ್ದರಿಂದ ಸಂದೇಶದ ಕಾಗುಣಿತದ ತಪ್ಪು ಹುಡುಕುವುದನ್ನು ಕಲಿಸುವುದಕ್ಕಿಂತ, ಓದಿದವರ ಮೈಮನಸ್ಸಿನಲ್ಲಿ ಆಗುವ ಬದಲಾವಣೆಯನ್ನು ಗಮನಿಸಲು ಕಲಿಸಿರಿ. ಹೆದರಿಕೆ, ಮರುಕ, ಮೇಲಧಿಕಾರಿಯ ಮುಲಾಜು, ಅನಿರೀಕ್ಷಿತ ಲಾಭದ ಆಸೆ, ಇವುಗಳಲ್ಲಿ ಯಾವುದೇ ಆಗಲಿ, ಅವಸರವೂ ಗುಟ್ಟೂ ಜೊತೆಗೂಡಿ, ಎಂದಿನ ಕ್ರಮವನ್ನು ಬಿಟ್ಟು ನಡೆಯಿರಿ ಎಂಬ ಕೋರಿಕೆ ಬಂದರೆ, ಕೈಯಲ್ಲಿರುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ಆಮೇಲೆ ಕಚೇರಿಯ ವಹಿಯಲ್ಲಿ ಮೊದಲೇ ಬರೆದಿಟ್ಟ ಸಂಖ್ಯೆಗೆ ತಾವೇ ಕರೆ ಮಾಡಬೇಕು. ಸಂದೇಶದಲ್ಲೇ ಕೊಟ್ಟ ಸಂಖ್ಯೆಗೆ ಎಂದಿಗೂ ಮಾಡಬಾರದು. "ಕರೆ ಮಾಡಬೇಡಿ" ಎಂಬ ಮಾತೇ ಕರೆ ಮಾಡಲು ಸಾಕಷ್ಟು ಕಾರಣ.

ಉತ್ತರ 2 (ತರಬೇತುದಾರ):

ನಕಲಿ ಬೋನಸ್ ಸಂದೇಶದ ಸಲಹೆಯನ್ನು ದಯವಿಟ್ಟು ಕೈಬಿಡಿರಿ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಗೋಡ್ಯಾಡಿ ಕಂಪನಿ ತನ್ನ ನೌಕರರಿಗೆ 650 ಡಾಲರ್ ಹಬ್ಬದ ಬೋನಸ್ ಎಂಬ ಪರೀಕ್ಷಾ ಇಮೇಲ್ ಕಳುಹಿಸಿತ್ತು. ಕೋವಿಡ್ ಕಾಲದ ಕಷ್ಟದಲ್ಲಿದ್ದ ಸುಮಾರು 500 ಮಂದಿ ಅದನ್ನು ನಂಬಿದರು. ಕೊನೆಗೆ ಕಂಪನಿಯೇ ಕ್ಷಮೆ ಕೇಳಬೇಕಾಯಿತು. ಮರುವರ್ಷ ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್ ರೈಲು ಸಂಸ್ಥೆಯೂ ಇಂಥದ್ದೇ ಪರೀಕ್ಷೆ ನಡೆಸಿ ನೌಕರರ ಸಂಘದ ತೀವ್ರ ಖಂಡನೆಗೆ ಗುರಿಯಾಯಿತು. ಇಂಥ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ನಾಚಿದವರು ನಾಳೆ ನಿಜವಾಗಿ ಮೋಸಹೋದರೆ ಬಾಯಿ ಬಿಡುವುದಿಲ್ಲ. ಸೈಬರ್ ವಂಚನೆಯ ದೂರಿಗಿರುವ 1930 ಸಹಾಯವಾಣಿಗೆ ಬೇಗ ದೂರು ಕೊಟ್ಟಷ್ಟೂ ಹಣವನ್ನು ಮಧ್ಯದಲ್ಲೇ ತಡೆಯುವ ಅವಕಾಶ ಹೆಚ್ಚು. ನಾಚಿಕೆ ನುಂಗಿಹಾಕುವುದು ಆ ಸಮಯವನ್ನೇ.

ಬದಲಿಗೆ ಅಭಿನಯ ಮಾಡಿಸಿರಿ. ಒಬ್ಬರು ಒಳಕೋಣೆಯಿಂದ "ರಿಜಿಸ್ಟ್ರಾರ್ ಕಚೇರಿಯವರು" ಎಂದು ಗದರುತ್ತ ಕರೆ ಮಾಡಲಿ, ಇನ್ನೊಬ್ಬರು ಎಲ್ಲರೆದುರು ಉತ್ತರಿಸಲಿ. "ಸರ್, ಕ್ಷಮಿಸಿ, ಸಂಘದ ನಿಯಮದಂತೆ ನಾನು ಫೋನ್ ಇಟ್ಟು ಕಚೇರಿಯ ಸಂಖ್ಯೆಗೆ ಮರಳಿ ಕರೆ ಮಾಡುತ್ತೇನೆ" ಎಂಬ ವಾಕ್ಯವನ್ನು ಬಾಯಿಪಾಠ ಮಾಡಿಸಿರಿ. ಮನಸ್ಸಿನಲ್ಲೇ ಸುಲಭವೆನಿಸುವ ಈ ಮಾತು, ಎದುರಿನವರು ದನಿ ಏರಿಸಿದೊಡನೆ ಗಂಟಲಲ್ಲೇ ನಿಲ್ಲುತ್ತದೆ. ಅದನ್ನು ಒಮ್ಮೆ ಅನುಭವಿಸುವುದೇ ಅರ್ಧ ತರಬೇತಿ.

ಉತ್ತರ 3 (ನಿವೃತ್ತ ಬ್ಯಾಂಕ್ ನೌಕರ):

ಕೌಂಟರಿನ ಆಚೆ ನಿಂತವರ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಪೊಲೀಸರೆಂದು ಹೇಳಿಕೊಂಡು ಫೋನಿನಲ್ಲೇ ಬಂಧಿಸಿದ್ದೇವೆಂದು ಹೆದರಿಸುವ "ಡಿಜಿಟಲ್ ಅರೆಸ್ಟ್" ಬೆದರಿಕೆಗೆ ಸಿಕ್ಕ ಹಿರಿಯರು ಅವಧಿಗೆ ಮುನ್ನವೇ ಠೇವಣಿ ಮುರಿಸಲು ಬರುತ್ತಾರೆ. ಬಡ್ಡಿ ನಷ್ಟವಾಗುತ್ತದೆಂದರೂ ಕಿವಿಗೊಡುವುದಿಲ್ಲ, ಕುಳಿತುಕೊಳ್ಳಲು ಒಪ್ಪುವುದಿಲ್ಲ, ಜೇಬಿನಲ್ಲಿ ಫೋನ್ ಕರೆ ಚಾಲ್ತಿಯಲ್ಲೇ ಇರುತ್ತದೆ. ಅವರೊಡನೆ ಗಟ್ಟಿಯಾಗಿ ವಾದಿಸಿದರೆ ಆಚೆಯವನು ಕೇಳಿಸಿಕೊಳ್ಳುತ್ತಾನೆ. "ಯಾರಾದರೂ ಹೆದರಿಸುತ್ತಿದ್ದಾರೆಯೇ?" ಎಂದು ಚೀಟಿಯಲ್ಲಿ ಬರೆದು ಮುಂದಿಡುವುದು ಒಳ್ಳೆಯದು. ನಮ್ಮ ಕಾನೂನಿನಲ್ಲಿ ಡಿಜಿಟಲ್ ಬಂಧನವೆಂಬುದೇ ಇಲ್ಲವೆಂದು ಪ್ರಧಾನಿಯವರೂ 2024ರ ಅಕ್ಟೋಬರ್‌ನ "ಮನ್ ಕಿ ಬಾತ್" ಭಾಷಣದಲ್ಲಿ ಹೇಳಿದ್ದರು. ಗ್ರಾಹಕರ ಮುಖದಲ್ಲಿ ಈ ಚಹರೆಯನ್ನು ಗುರುತಿಸಲು ಕಲಿತ ಗುಮಾಸ್ತರು ತಮ್ಮೊಳಗೂ ಅದನ್ನು ಬೇಗ ಗುರುತಿಸುತ್ತಾರೆಂದು ನನ್ನ ನಂಬಿಕೆ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ವಂದನೆಗಳು. ಬೋನಸ್ ಸಂದೇಶದ ಯೋಚನೆಯನ್ನು ಕೈಬಿಡುವಂತೆ ಮಂಡಳಿಗೆ ತಿಳಿಸುತ್ತೇನೆ. ಉಳಿದ ಅಳುಕು ಒಂದೇ: ಸಂದೇಶ ನಿಜವಾಗಿಯೂ ಅಧ್ಯಕ್ಷರದ್ದೇ ಆಗಿದ್ದು, ಮರಳಿ ಕರೆ ಮಾಡಿದ್ದಕ್ಕೆ ಅವರು ಸಿಟ್ಟಾದರೆ?

ಉತ್ತರ 1ರವರಿಂದ:

ಆ ಅಳುಕನ್ನೇ ವಂಚಕರು ನೆಚ್ಚಿಕೊಂಡಿರುವುದು. ನಿಗದಿತ ಮೊತ್ತಕ್ಕಿಂತ ಹೆಚ್ಚಿನ ಯಾವುದೇ ಪಾವತಿಗೆ ಮರುಕರೆ ಕಡ್ಡಾಯ, ಅದರಿಂದಾಗುವ ವಿಳಂಬಕ್ಕೆ ನೌಕರರು ಹೊಣೆಯಲ್ಲ ಎಂದು ಆಡಳಿತ ಮಂಡಳಿಯಲ್ಲಿ ಠರಾವು ಮಾಡಿಸಿ, ತರಬೇತಿಯ ದಿನ ಅದನ್ನು ಅಧ್ಯಕ್ಷರಿಂದಲೇ ಓದಿಸಿರಿ. ಸಾಧ್ಯವಾದರೆ ಮೊದಲ ಅಭ್ಯಾಸದ ಕರೆಯನ್ನೂ ಅವರಿಂದಲೇ ಮಾಡಿಸಿ, ನಿಮ್ಮ ಲೆಕ್ಕಿಗರು ಎಲ್ಲರೆದುರು ಅವರಿಗೆ "ಆಗುವುದಿಲ್ಲ ಸರ್, ಮರಳಿ ಕರೆ ಮಾಡುತ್ತೇನೆ" ಎನ್ನಲಿ.