ಹಾಸನ–ಚಿಕ್ಕಮಗಳೂರು ಕಡೆ ಪರಿಚಯದ ಮೇಲೆ ಕೆಲಸ ಹುಡುಕೋದು ಹೇಗೆ? ಗೊತ್ತಿರೋರು ಹೇಳಿ

ಕೇಳಿದವರು, ಬೇಲೂರು ತಾಲ್ಲೂಕು: ಬಿ.ಕಾಂ. ಮುಗಿದು ಎಂಟು ತಿಂಗಳಾಯ್ತು, ಟ್ಯಾಲಿ (ಲೆಕ್ಕ ಬರೆಯೋ ಸಾಫ್ಟ್‌ವೇರ್) ಬರುತ್ತೆ. ಆನ್‌ಲೈನಲ್ಲಿ ಹಾಕಿದ ಅರ್ಜಿಗೆ ಒಂದಕ್ಕೂ ಉತ್ತರ ಇಲ್ಲ. ಅಪ್ಪ ಅಮ್ಮನ್ನ ಬಿಟ್ಟು ಬೆಂಗಳೂರಿಗೆ ಹೋಗೋ ಹಾಗಿಲ್ಲ. ಇಲ್ಲೆಲ್ಲ ಗೊತ್ತಿರೋರ ಮೂಲಕವೇ ಕೆಲಸ ಆಗೋದು ಅಂತಾರೆ, ಆದರೆ ನಮ್ಮನೇಲಿ ಯಾರಿಗೂ ದೊಡ್ಡವರ ಪರಿಚಯ ಇಲ್ಲ. ಯಾರನ್ನ ಕೇಳಬೇಕು, ಏನಂತ ಕೇಳಬೇಕು?

ತೆರಿಗೆ ಸಲಹೆಗಾರರ ಕಚೇರಿ, ಹಾಸನ: ದೊಡ್ಡವರು ಬೇಕಾಗಿಲ್ಲ. ರಾಜಕಾರಣಿಯ ಶಿಫಾರಸು ಪತ್ರಕ್ಕಿಂತ ಅದೇ ಆಫೀಸಲ್ಲಿ ಎಂಟ್ರಿ ಹಾಕೋ ಹುಡುಗ "ಇವನು ಕೆಲಸ ಮಾಡ್ತಾನೆ ಸರ್" ಅಂದರೆ ಅದಕ್ಕೆ ತೂಕ ಜಾಸ್ತಿ. ಯಾರು ಬಿಟ್ಟು ಹೋಗ್ತಿದ್ದಾರೆ ಅನ್ನೋದು ಮೊದಲು ಗೊತ್ತಾಗೋದೂ ಅವನಿಗೇ. ಹಾಗಾಗಿ ಕಾಲೇಜಿನ ಎರಡು ಮೂರು ವರ್ಷದ ಸೀನಿಯರ್‌ಗಳು, ಕಾಮರ್ಸ್ ಮೇಷ್ಟ್ರು, ಟ್ಯಾಲಿ ಕಲಿಸಿದವರು, ಮನೆಗೆ ಗೊಬ್ಬರ ಸಿಮೆಂಟು ತರೋ ಅಂಗಡಿಯವರು, ಇವರ ಹೆಸರು ಬರೆದುಕೊಂಡು ಕೂತ್ಕೊಳ್ಳಿ. ಮೂವತ್ತು ಹೆಸರು ಸಲೀಸಾಗಿ ಸಿಗುತ್ತೆ.

ಆಡಿಟರ್, ತೆರಿಗೆ ಸಲಹೆಗಾರರ ಕಚೇರಿಗೆ ಹೋಗೋದಾದರೆ ತಾರೀಖು ನೋಡಿಕೊಂಡು ಹೋಗಿ. ತಿಂಗಳ ಜಿಎಸ್‌ಟಿ ರಿಟರ್ನ್ ಹಾಕೋರಿಗೆ ಮಾರಾಟದ ವಿವರ ಕೊಡೋ ಜಿಎಸ್‌ಟಿಆರ್-1ಕ್ಕೆ 11, ತೆರಿಗೆ ಕಟ್ಟೋ 3ಬಿಗೆ 20 ಕೊನೇ ದಿನ. ಆ ಎರಡರ ಮುಂಚಿನ ಮೂರು ದಿನ ಯಾರೂ ತಲೆ ಎತ್ತಲ್ಲ. ಹೋದರೆ "ಆಮೇಲೆ ಬನ್ನಿ" ಅಂತ ಕಳಿಸಿಬಿಡ್ತಾರೆ, ಆಮೇಲೆ ಮರೆತೂ ಹೋಗ್ತಾರೆ. 22ರಿಂದ ತಿಂಗಳ ಕೊನೆಯೊಳಗೆ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಐಟಿ ರಿಟರ್ನ್, ಆಡಿಟ್ ಗಡಿಬಿಡಿ ಜುಲೈಯಿಂದ ಹಿಡಿದುಕೊಳ್ಳುತ್ತೆ, ಅದಕ್ಕೆ ಮೇ-ಜೂನಲ್ಲೇ ಒಬ್ಬಿಬ್ಬರನ್ನ ಜಾಸ್ತಿ ತಗೊಳ್ತಾರೆ.

"ಕೆಲಸ ಇದ್ರೆ ಹೇಳಿ" ಅನ್ನಬೇಡಿ. "ಆಯ್ತಪ್ಪ" ಅಂದರೆ ಮಾತು ಅಲ್ಲಿಗೆ ಮುಗೀತು. ಹೀಗೆ ಕೇಳಿ: "ಸರ್, ಟ್ಯಾಲಿಲಿ ಖರೀದಿ-ಮಾರಾಟದ ಎಂಟ್ರಿ, ಬ್ಯಾಂಕ್ ರೀಕನ್ಸಿಲಿಯೇಷನ್ (ಬ್ಯಾಂಕ್ ಲೆಕ್ಕ ತಾಳೆ ನೋಡೋದು) ಮಾಡ್ತೀನಿ. ನಿಮ್ಮ ಕ್ಲೈಂಟ್‌ಗಳಲ್ಲಿ ಲೆಕ್ಕಕ್ಕೆ ಹುಡುಗ ಬೇಕು ಅಂದವರು ಯಾರಾದ್ರೂ ಇದ್ದಾರಾ? ಇಲ್ಲದಿದ್ರೆ ಇನ್ಯಾರನ್ನ ಕೇಳಬಹುದು?" ಆ ಕೊನೇ ಪ್ರಶ್ನೆ ಬಿಡಲೇಬೇಡಿ, ಒಂದು ಭೇಟಿಯಿಂದ ಇನ್ನೆರಡು ಹೆಸರು ಸಿಗೋದು ಅದರಿಂದ. ಅಲ್ಲೇ ಕೂರಿಸಿ ಹತ್ತು ಬಿಲ್ ಕೊಟ್ಟು ಎಂಟ್ರಿ ಹಾಕು ಅನ್ನಬಹುದು. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ (ರಾಜ್ಯದೊಳಗಿನ ವ್ಯಾಪಾರಕ್ಕೆ), ಐಜಿಎಸ್‌ಟಿ (ಹೊರರಾಜ್ಯದ್ದಕ್ಕೆ) ಯಾವಾಗ ಯಾವುದು ಅಂತ ತಡವರಿಸಿದರೆ ಪರಿಚಯ ಎಷ್ಟಿದ್ರೂ ಉಪಯೋಗಕ್ಕೆ ಬರಲ್ಲ.

ಕಾರ್ಖಾನೆ ಸಿಬ್ಬಂದಿ ವಿಭಾಗ, ಹಾಸನ: ಕೈಗಾರಿಕಾ ಪ್ರದೇಶದಲ್ಲಿ ಗೇಟಿನ ಸೆಕ್ಯೂರಿಟಿ ಕೈಗೆ ಕೊಟ್ಟ ಬಯೋಡೇಟಾ ಬಹುತೇಕ ಅಲ್ಲೇ ಉಳಿಯುತ್ತೆ. ಒಳಗೆ ಕೆಲಸ ಮಾಡೋರ ಕೈಲಿ ಕಳಿಸಿ. ಬಯೋಡೇಟಾ ಒಂದೇ ಪುಟ ಇರಲಿ, ಮೇಲೆ ಮೊಬೈಲ್ ನಂಬರ್ ದಪ್ಪಗೆ, ಬಲಮೂಲೆಯಲ್ಲಿ ಪೆನ್ನಿಂದ ಕಳಿಸಿದವರ ಹೆಸರು, ಡಿಪಾರ್ಟ್‌ಮೆಂಟು, ಎಂಪ್ಲಾಯಿ ನಂಬರ್. ಅದನ್ನ ನೋಡಿದ ಕೂಡಲೇ ನಾವು ಅವರಿಗೆ ಫೋನ್ ಮಾಡಿ ವಿಚಾರಿಸಬಹುದು. ಅವರ ಒಪ್ಪಿಗೆ ಇಲ್ಲದೆ ಮಾತ್ರ ಹೆಸರು ಬರೀಬೇಡಿ. "ಅವನ್ಯಾರೋ ಗೊತ್ತಿಲ್ಲ" ಅಂದುಬಿಟ್ಟರೆ ಆ ಕಂಪನಿ ನಿಮಗೆ ಮುಚ್ಚಿದ ಹಾಗೆ.

ಕೆಲಸ ಸಿಕ್ತು ಅಂದಾಗ ಸಂಬಳ ಯಾರ ಹೆಸರಲ್ಲಿ ಅಂತ ಕೇಳಿ. ಕಂಪನಿದೋ, ಕಾಂಟ್ರಾಕ್ಟರದ್ದೋ? ಪಿಎಫ್, ಇಎಸ್‌ಐ (ಆರೋಗ್ಯ ವಿಮೆ) ಇದೆಯಾ? ಯುಎಎನ್ (ಪಿಎಫ್ ಖಾತೆಯ) ನಂಬರ್ ಕೊಡ್ತಾರಾ? ಪರಿಚಯಸ್ಥರ ಮೂಲಕ ಬಂದವರು ಸಂಕೋಚಕ್ಕೆ ಇದನ್ನ ಕೇಳಲ್ಲ, ಆರು ತಿಂಗಳಾದ ಮೇಲೆ ಪೇಚಾಡ್ತಾರೆ.

ಕೇಳಿದವರು: ಸಂಬಂಧಿಕರೊಬ್ಬರು "ಎಂಸಿಎಫ್‌ನಲ್ಲಿ ಮಾಡಿಸಿಕೊಡ್ತೀನಿ, ಸ್ವಲ್ಪ ಖರ್ಚಾಗುತ್ತೆ" ಅಂತಿದ್ದಾರೆ. ನಂಬಬಹುದಾ?

ಕಾರ್ಖಾನೆ ಸಿಬ್ಬಂದಿ ವಿಭಾಗ, ಹಾಸನ: ಬೇಡ. ಒಂದು ರೂಪಾಯಿನೂ ಕೊಡಬೇಡಿ. ಎಂಸಿಎಫ್ ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ. ಕಾಯಂ ಹುದ್ದೆಗೆ ಅಧಿಸೂಚನೆ ಬರುತ್ತೆ, ಅರ್ಜಿ ಹಾಕಬೇಕು, ಪರೀಕ್ಷೆ ಬರೀಬೇಕು. ಕಾಫಿ ಮಂಡಳಿಯಂಥ ಕಡೆಗೂ ಹೀಗೇ. ಇಂಥ ಕಡೆ ಪರಿಚಯದಿಂದ ಆಗೋ ಸಹಾಯ ಅಂದರೆ ಅಧಿಸೂಚನೆ ಬಂದಿದೆ ಅಂತ ಸುದ್ದಿ ತಿಳಿಯೋದು, ಅಷ್ಟೇ. ಖಾಸಗಿಯಲ್ಲೂ ಅಷ್ಟೆ, ದುಡ್ಡು ಕೇಳಿದರೆ ಅಥವಾ ಅಸಲು ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ತೀವಿ ಅಂದರೆ ಎದ್ದು ಬನ್ನಿ. ಜೆರಾಕ್ಸ್ ಕೊಟ್ಟು ಅಸಲು ತೋರಿಸಿದರೆ ಸಾಕು.

ಕಾಫಿ ವ್ಯಾಪಾರ, ಚಿಕ್ಕಮಗಳೂರು: ತಮ್ಮ, ಲೆಕ್ಕ ಬರುತ್ತೆ ಅಂದರೆ ಕಾಫಿ ಕಡೆನೂ ನೋಡು. ಎಸ್ಟೇಟಿಗೆ ರೈಟರ್ (ತೋಟದ ಲೆಕ್ಕ ಬರೆಯೋನು), ಕಾಫಿ ಬೀಜ ಸಂಸ್ಕರಿಸೋ ಕ್ಯೂರಿಂಗ್ ವರ್ಕ್ಸಿಗೆ ಗುಮಾಸ್ತ, ವ್ಯಾಪಾರಿಗೆ ತೂಕದ ಲೆಕ್ಕ ಬರೆಯೋನು ಬೇಕೇ ಬೇಕು. ಇದಕ್ಕೆಲ್ಲ ಪೇಪರಲ್ಲಿ ಜಾಹೀರಾತು ಕೊಡೋದು ಅಪರೂಪ. ಅರೇಬಿಕಾ ಕುಯ್ಲು ನವೆಂಬರಿಂದ ಜನವರಿ, ರೋಬಸ್ಟಾ ಅದರ ಹಿಂದೆಯೇ ಮಾರ್ಚ್‌ವರೆಗೆ. ಕುಯ್ಲು ಶುರುವಾದ ಮೇಲೆ ಬಂದು ಕೇಳಿದರೆ ಮಾತಾಡೋಕೂ ಪುರಸೊತ್ತಿರಲ್ಲ. ದಸರಾ ಆಸುಪಾಸಲ್ಲಿ ಹೇಳಿಡಬೇಕು.

ಮಾಲೀಕರನ್ನ ಹಿಡಿಯೋಕೆ ಹೋಗಬೇಡ, ಈಗಿರೋ ರೈಟರನ್ನೋ ಮೇಸ್ತ್ರಿಯನ್ನೋ ಮೊದಲು ಮಾತಾಡಿಸು. ಬಟವಾಡೆ ದಿನ ಮಾತ್ರ ಹೋಗಬೇಡ, ಅವತ್ತು ಅವರ ಕೈಲಿ ದುಡ್ಡು, ಮುಂದೆ ಆಳುಗಳ ಸಾಲು. ಮಸ್ಟರ್ (ಆಳುಗಳ ಹಾಜರಿ) ಬರೆಯೋದು, ಸಂಜೆ ಹಣ್ಣು ತೂಗಿ ಆಳಿನ ಲೆಕ್ಕಕ್ಕೆ ಹಾಕೋದು, ಚೆರಿ (ಹಣ್ಣನ್ನ ಹಾಗೇ ಒಣಗಿಸಿದ್ದು) ಬೇರೆ, ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು) ಬೇರೆ ಅಂತ ಗೊತ್ತಿರೋದು, ಇಷ್ಟನ್ನ ಅವರಿಂದಲೇ ಕೇಳಿ ತಿಳ್ಕೊಂಡು ಮಾಲೀಕರ ಹತ್ರ ಹೋದರೆ ಮಾತು ಬೇರೆ ಥರ ಇರುತ್ತೆ.

ಮಾವನೋ ದೊಡ್ಡಪ್ಪನೋ "ನನ್ನ ಹೆಸರು ಹೇಳು ಸಾಕು" ಅಂದರೆ ಒಪ್ಪಬೇಡ. ಮೊದಲು ಅವರೇ ಒಂದು ಫೋನ್ ಮಾಡಲಿ, ಮಾರನೇ ದಿನ ನೀನು ಹೋಗು. ಎಂಟು ಹತ್ತು ದಿನ ಬಿಟ್ಟು ಒಂದ್ಸಲ ವಿಚಾರಿಸು, ಅದಾದ ಮೇಲೆ ಇನ್ನೊಂದ್ಸಲ, ಅಷ್ಟಕ್ಕೆ ನಿಲ್ಲಿಸು. ಬೇರೆ ಕಡೆ ಸಿಕ್ಕಿದರೆ ಕೇಳಿಟ್ಟವರಿಗೆಲ್ಲ ತಿಳಿಸು. ಸೇರಿದ ಹದಿನೈದು ದಿನಕ್ಕೇ ಬಿಟ್ಟು ಬಂದರೆ ಬೈಗುಳ ಕೇಳಬೇಕಾಗಿರೋದು ನಿನ್ನ ಪರವಾಗಿ ಹೇಳಿದವರು, ಅವರು ಇನ್ನೊಬ್ಬ ಹುಡುಗನಿಗೆ ಬಾಯಿ ಬಿಡಲ್ಲ. ಅದಕ್ಕೇ ಎಸ್ಟೇಟಿಗೆ ಒಪ್ಪೋ ಮುಂಚೆ ಲೈನಲ್ಲಿ (ಕೆಲಸಗಾರರ ಸಾಲುಮನೆ) ರೂಮ್ ಕೊಡ್ತಾರಾ, ಊಟ ಯಾರದ್ದು, ಸಂಜೆ ಪೇಟೆ ಕಡೆ ಕೊನೇ ಬಸ್ ಎಷ್ಟಕ್ಕೆ ಅಂತ ಕೇಳಿಕೊಂಡು ಬಾ.